ಪಿಕಪ್ ಗಾಡಿಗೂ ‘ನಿಲುವು’ ಇರಬಹುದೇ?

ಪಿಕಪ್ ಗಾಡಿಯ ಹಿಂದಿನ ಪ್ಲೇಟ್ ಸೆಟ್ (ಭಾರ ಹೊರುವ, ಬಾಗಿದ ಉಕ್ಕಿನ ಪಟ್ಟಿಗಳ ಸ್ಪ್ರಿಂಗ್) ಬದಲಿಸಿದ ಮೇಲೆ ಎತ್ತರ ಸರಿಪಡಿಸುವುದು ಹೇಗೆಂಬ ಕೈಪಿಡಿಯೊಂದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಎರಡು ಪದಗಳು ಕೆಲಸವನ್ನು ನಿಲ್ಲಿಸಿಬಿಟ್ಟಿವೆ.

ಮೊದಲನೆಯದು ‘ರೈಡ್ ಹೈಟ್’. ಬರೀ ‘ಎತ್ತರ’ ಎಂದರೆ ಓದುವವರು ಟೇಪನ್ನು ನೆಲಕ್ಕೆ ಹಿಡಿಯುತ್ತಾರೆ. ಇಲ್ಲಿ ಅಳೆಯಬೇಕಾದದ್ದು ಚಕ್ರದ ನಡುವಿನಿಂದ ಅದರ ಮೇಲಿನ ಮಡ್‌ಗಾರ್ಡ್ ಅಂಚಿನವರೆಗೆ. ದೊಡ್ಡ ಟೈರ್ ಹಾಕಿದರೆ ನೆಲದಿಂದ ಅಳೆದದ್ದು ಹೆಚ್ಚುತ್ತದೆ, ಇದು ಹೆಚ್ಚುವುದಿಲ್ಲ. ಪ್ಲೇಟು ಬಾಗು ಕಳೆದುಕೊಂಡ ಗಾಡಿಯನ್ನು ಮೆಕ್ಯಾನಿಕ್‌ಗಳು ‘ಹಿಂದೆ ಕೂತಿದೆ’ ಎನ್ನುತ್ತಾರೆ. ಅದಕ್ಕಿಂತ ಒಳ್ಳೆಯ ಮಾತು ನನಗೆ ಹೊಳೆದಿಲ್ಲ. ಗಾಡಿ ಕೂರುವುದಾದರೆ ನಿಲ್ಲಲೂಬೇಕಲ್ಲವೇ? ಹಾಗೆಂದು ‘ಹಿಂಬದಿಯ ನಿಲುವು’ ಎಂದು ಬರೆದೆ. ನಿಲುವಂಗಿ, ನಿಲುವುಗನ್ನಡಿಗಳಲ್ಲಿ ಆಳೆತ್ತರದ ಅರ್ಥ ಇನ್ನೂ ಉಳಿದಿದೆ. ಆದರೆ ‘ನಿಲುವು ಬದಲಿಸುವ ವಿಧಾನ’ ಎಂಬ ತಲೆಬರಹ ಓದಿದ ನನ್ನ ಹೆಂಡತಿ, ಇದು ಪಕ್ಷಾಂತರದ ಕೈಪಿಡಿಯೇ ಎಂದು ಕೇಳಿದಳು. ಪತ್ರಿಕೆಗಳು ಆ ಪದವನ್ನು ಅಷ್ಟು ದೂರ ಒಯ್ದಿವೆ. ‘ನಿಲುವೆತ್ತರ’ ಎಂದರೆ ಈ ತೊಡಕು ತಪ್ಪೀತೇ, ಇಲ್ಲ ಒಂದೇ ಮಾತನ್ನು ಎರಡು ಸಲ ಹೇಳಿದಂತಾದೀತೇ?

ಎರಡನೆಯದು ‘ಶ್ಯಾಕಲ್’, ಅಂದರೆ ಪ್ಲೇಟಿನ ಒಂದು ತುದಿಯನ್ನು ಗಾಡಿಯ ಚೌಕಟ್ಟಿಗೆ ಜೋಡಿಸುವ ಪಟ್ಟಿಗಳ ಜೋಡಿ. ನಿಘಂಟಿನ ಸಂಕೋಲೆ, ಬೇಡಿಗಳು ಇಲ್ಲಿ ನಡೆಯುವುದಿಲ್ಲ. ಇದರ ಕೆಲಸವೇ ತದ್ವಿರುದ್ಧ. ಭಾರ ಬಿದ್ದಾಗ ಬಾಗಿದ ಪ್ಲೇಟು ಚಪ್ಪಟೆಯಾಗುತ್ತಾ ಉದ್ದಕ್ಕೆ ಚಾಚಿಕೊಳ್ಳುತ್ತದೆ. ಅದರ ತುದಿಗೆ ಸರಿದಾಡಲು ಎಡೆ ಕೊಡುವುದು ಈ ಜೋಡಿ ಪಟ್ಟಿ. ಸದ್ಯಕ್ಕೆ ‘ತೂಗುಕೊಂಡಿ’ ಎಂದು ಹೊಸೆದುಕೊಂಡಿದ್ದೇನೆ.

ಹೆಸರು ಸಿಕ್ಕಿತೆಂದರೂ ವಾಕ್ಯ ಕೈಕೊಡುತ್ತದೆ. ‘2 ಇಂಚು ಹೆಚ್ಚಿಸುವ ತೂಗುಕೊಂಡಿ’ ಎಂದರೆ ಹೆಚ್ಚುವುದು ಯಾವುದು? ಕೊಂಡಿ 2 ಇಂಚು ಉದ್ದವಾದರೆ ಬದಲಾಗುವುದು ಪ್ಲೇಟಿನ ಒಂದು ತುದಿ ಮಾತ್ರ. ಚಕ್ರಗಳ ಅಚ್ಚು, ಅಂದರೆ ಆಕ್ಸಲ್, ಪ್ಲೇಟಿನ ಹೆಚ್ಚುಕಡಿಮೆ ನಡುವೆ ಇರುವುದರಿಂದ ಗಾಡಿ ಏರುವುದು ಸುಮಾರು 1 ಇಂಚು. ಆಕ್ಸಲ್ಲಿನ ಮೇಲೆ ಕೂರುವ ಪ್ಲೇಟಿನ ಅಡಿಗೆ 2 ಇಂಚಿನ ಬ್ಲಾಕ್ ಕೊಟ್ಟರೆ ಮಾತ್ರ ಪೂರ್ತಿ 2 ಇಂಚು ಏರುತ್ತದೆ. ‘ಹೆಚ್ಚಿಸು’ ಎಂಬ ಒಂದೇ ಕ್ರಿಯಾಪದ ಎರಡನ್ನೂ ಹೊತ್ತರೆ ಓದುವವರು ತಪ್ಪು ಸಾಮಾನು ತರುತ್ತಾರೆ. ಕೊಂಡಿಗೆ ‘ಉದ್ದಿಸು’, ಗಾಡಿಗೆ ‘ಏರಿಸು’ ಎಂದು ಬೇರ್ಪಡಿಸಿದ್ದೇನೆ. ‘ಉದ್ದಿಸು’ ನನ್ನ ಕಿವಿಗೇ ಒರಟಾಗಿ ಕೇಳುತ್ತಿದೆ.

ಜಟಕಾ ಗಾಡಿಗಳಿಗೂ ಇಂಥ ಬಾಗಿದ ಪ್ಲೇಟುಗಳಿದ್ದವಲ್ಲ, ಅವನ್ನು ಕಟ್ಟುತ್ತಿದ್ದ ಬಡಗಿ, ಕಮ್ಮಾರರ ಬಾಯಲ್ಲಿ ಈ ಭಾಗಗಳಿಗೆ ಏನು ಹೆಸರಿತ್ತು? ಮನೆಯಲ್ಲಿ ಆ ಕಸುಬಿದ್ದವರು ಯಾರಾದರೂ ಹೇಳಿದರೆ ನನ್ನ ತೂಗುಕೊಂಡಿಯನ್ನು ಸಂತೋಷದಿಂದ ಬಿಟ್ಟುಕೊಡುತ್ತೇನೆ.