ಕೈಕಾಲು ಸ್ವಾಧೀನದಲ್ಲಿಲ್ಲದ ಅಣ್ಣ ಕಂಪ್ಯೂಟರಿನಲ್ಲಿ ತಾವೇ ಕನ್ನಡ ಬರೆಯುವುದು ಹೇಗೆ?

ಕೃಷ್ಣಾತೀರ (ಜಮಖಂಡಿ):

ಎಲ್ಲರಿಗೂ ನಮಸ್ಕಾರ. ನನ್ನ ಅಣ್ಣ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದರು. ಎರಡು ವರ್ಷಗಳ ಹಿಂದೆ ಕಬ್ಬಿನ ಟ್ರೇಲರ್ ಮೇಲಿಂದ ಬಿದ್ದು, ಕುತ್ತಿಗೆಯ ನಾಲ್ಕನೆಯ ಮಣಿಯ ಬಳಿ ಬೆನ್ನುಹುರಿಗೆ ಪೆಟ್ಟಾಯಿತು. ಕೈಕಾಲುಗಳಲ್ಲಿ ಚಲನೆಯಿಲ್ಲ. ತಲೆಯನ್ನು ಚೆನ್ನಾಗಿ ತಿರುಗಿಸುತ್ತಾರೆ, ಮಾತು ಸ್ಪಷ್ಟವಾಗಿದೆ, ಉಸಿರು ಸಾಲದೆ ಧ್ವನಿ ಮಾತ್ರ ಸಣ್ಣದಾಗಿದೆ. ಅವರು ಹೇಳಿದ್ದನ್ನು ನಾನು ಬರೆದುಕೊಳ್ಳುತ್ತೇನೆ. ಆದರೆ ಒಂದೊಂದು ವಾಕ್ಯವನ್ನೂ ಹಲವು ಸಲ ತಿದ್ದುವುದು ಅವರ ಅಭ್ಯಾಸ. ನಾಲ್ಕನೆಯ ಸಲ ತಿದ್ದಿಸಬೇಕೆನಿಸಿದಾಗ ನನ್ನ ಮುಖ ನೋಡಿ ಸುಮ್ಮನಾಗಿಬಿಡುತ್ತಾರೆ. ಅದು ನನಗೆ ಬಹಳ ನೋವು ಕೊಡುತ್ತದೆ. ಅಂಗಡಿಯವರೊಬ್ಬರು ಅಣ್ಣನನ್ನು ನೋಡದೆಯೇ, ಕಣ್ಣಿನ ಚಲನೆ ಹಿಡಿಯುವ ಉಪಕರಣವೊಂದೇ ದಾರಿ ಎಂದು ಹೇಳಿ, ನಮಗೆ ನಿಲುಕದ ಬೆಲೆ ತಿಳಿಸಿದರು. ಬೇರೆ ದಾರಿ ಇಲ್ಲವೇ?

ಫಿಜಿಯೋ (ಬೆಳಗಾವಿ):

ಸಹೋದರರೇ, ಮೊದಲು ಉಪಕರಣವನ್ನಲ್ಲ, ಉಳಿದಿರುವ ಚಲನೆಯನ್ನು ನೋಡಬೇಕು. ನಿಮ್ಮ ಅಣ್ಣನವರಿಗೆ ತಲೆಯ ಮೇಲೆ ಹಿಡಿತವಿರುವಾಗ ಕಣ್ಣಿನ ಉಪಕರಣದಿಂದ ಆರಂಭಿಸುವ ಅಗತ್ಯ ನನಗೆ ಕಾಣುವುದಿಲ್ಲ. ಅದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ಬಿಟ್ಟು, ಕಣ್ಣಿನಿಂದ ಮರಳುವ ಹೊಳಪನ್ನು ಅಳೆಯುತ್ತದೆ. ಬಾಗಿಲಿನಿಂದ ನೇರ ಬಿಸಿಲು ಬಿದ್ದರೆ ತಪ್ಪತೊಡಗುತ್ತದೆ. ನಮ್ಮ ಕಡೆಯ ಏಪ್ರಿಲ್ ಬಿಸಿಲಿನಲ್ಲಿ ಇದು ಸಣ್ಣ ಮಾತಲ್ಲ.

‘ಎನೇಬಲ್ ವಯಾಕ್ಯಾಮ್’ ಎಂಬ ಉಚಿತ ತಂತ್ರಾಂಶವು ಸಾಮಾನ್ಯ ವೆಬ್‌ಕ್ಯಾಮಿನ ಮೂಲಕ ತಲೆಯ ಚಲನೆಯನ್ನು ಗುರುತಿಸಿ ಮೌಸಿನ ಬಾಣವನ್ನು ಓಡಿಸುತ್ತದೆ, ಮತ್ತು ಬಾಣವನ್ನು ಒಂದೆಡೆ ನಾವು ನಿಗದಿಪಡಿಸಿದಷ್ಟು ಹೊತ್ತು ನಿಲ್ಲಿಸಿದರೆ ತಾನೇ ಕ್ಲಿಕ್ ಮಾಡುತ್ತದೆ. ಕ್ಯಾಮೆರಾ ಕಣ್ಣಿನ ಮಟ್ಟದಲ್ಲಿರಲಿ, ಬೆಳಕು ಮುಖದ ಮೇಲೆ ಬೀಳಲಿ. ಕಿಟಕಿ ಬೆನ್ನ ಹಿಂದಿದ್ದರೆ ಮುಖ ಕಪ್ಪಾಗಿ ಕಾಣುತ್ತದೆ. ಆರಂಭದಲ್ಲಿ ಹದಿನೈದು ನಿಮಿಷ ಸಾಕು, ಕುತ್ತಿಗೆ ಬೇಗ ದಣಿಯುತ್ತದೆ. ಬರೆಯುವ ಉತ್ಸಾಹದಲ್ಲಿ ಒಂದೇ ಭಂಗಿಯಲ್ಲಿ ಕೂರಿಸಿಟ್ಟರೆ ಒತ್ತಡದ ಹುಣ್ಣು ಆಗುತ್ತದೆ ಎಂಬುದನ್ನು ದಯವಿಟ್ಟು ಮರೆಯಬೇಡಿ.

ಅಕ್ಷರಮಣೆ (ವಿಜಯಪುರ):

ನನ್ನ ಅಪ್ಪನಿಗೆ ಮೋಟಾರ್ ನ್ಯೂರಾನ್ ಕಾಯಿಲೆ, ಅಂದರೆ ಸ್ನಾಯುಗಳನ್ನು ಆಡಿಸುವ ನರಗಳು ಸೋಲುತ್ತ ಹೋಗುವ ರೋಗ. ಮಾತೂ ಹೋಗಿದೆ, ತಲೆಯೂ ನಿಲ್ಲುವುದಿಲ್ಲ, ಕಣ್ಣು ಮಾತ್ರ ತಿರುಗುತ್ತದೆ. ಅಂಥವರಿಗೆ ಕಣ್ಣಿನ ಉಪಕರಣ ನಿಜಕ್ಕೂ ಬೇಕಾಗುತ್ತದೆ. ಅದು ಬರುವವರೆಗೆ ನಾವು ರಟ್ಟಿನ ಮೇಲೆ ವರ್ಣಮಾಲೆಯನ್ನೇ ಬರೆದುಕೊಂಡೆವು. ಕ, ಚ, ಟ, ತ, ಪ ಎಂಬ ಐದು ಸಾಲು, ಸಾಲಿಗೆ ಐದು ಅಕ್ಷರ. ನಾನು ಸಾಲಿನ ಹೆಸರು ಹೇಳುತ್ತ ಹೋಗುತ್ತೇನೆ, ಬೇಕಾದ ಸಾಲು ಬಂದಾಗ ಅಪ್ಪ ಕಣ್ಣನ್ನು ಮೇಲೆತ್ತುತ್ತಾರೆ. ಆಮೇಲೆ ಆ ಸಾಲಿನೊಳಗಿನ ಅಕ್ಷರಗಳು. ‘ಮ’ ತಲುಪಲು ಒಂದೊಂದೇ ಹೇಳಿದರೆ ಇಪ್ಪತ್ತೈದು ಸಲ ಕೂಗಬೇಕು, ಹೀಗೆ ಹೇಳಿದರೆ ಹತ್ತೇ ಸಲ. ಸ್ವರಗಳನ್ನೂ ಯ, ರ, ಲ, ವಗಳನ್ನೂ ಬೇರೆ ಸಾಲುಗಳಲ್ಲಿಟ್ಟಿದ್ದೇವೆ. ನಮ್ಮ ವರ್ಗೀಯ ವ್ಯಂಜನಗಳ ಜೋಡಣೆ ಈ ಕೆಲಸಕ್ಕೆಂದೇ ಮಾಡಿದಂತಿದೆ ಎಂದು ನನಗೆ ದಿನವೂ ಅನಿಸುತ್ತದೆ.

ಸ್ಟೀಫನ್ ಹಾಕಿಂಗ್ ಅವರು ಕೆನ್ನೆಯ ಒಂದೇ ಸ್ನಾಯುವಿನಿಂದ ಬರೆಯುತ್ತಿದ್ದದ್ದೂ ಇದೇ ತತ್ತ್ವದ ಮೇಲೆ: ಪರದೆಯ ಮೇಲೆ ಆಯ್ಕೆಗಳು ಒಂದಾದ ಮೇಲೊಂದು ಬೆಳಗುತ್ತವೆ, ಕನ್ನಡಕಕ್ಕೆ ಜೋಡಿಸಿದ ಸಂವೇದಕವು ಕೆನ್ನೆಯ ಅಲುಗಾಟವನ್ನು ಗುರುತಿಸಿ ಬೇಕಾದದ್ದನ್ನು ಆರಿಸುತ್ತದೆ. ಅವರಿಗಾಗಿ ಇಂಟೆಲ್ ರೂಪಿಸಿದ ‘ಎಕ್ಯಾಟ್’ ತಂತ್ರಾಂಶವನ್ನು 2015ರಲ್ಲಿ ಎಲ್ಲರಿಗೂ ಮುಕ್ತಗೊಳಿಸಲಾಯಿತು.

ಇನ್‌ಸ್ಕ್ರಿಪ್ಟ್ (ಬೆಳಗಾವಿ):

ಕನ್ನಡದ ತೊಡಕನ್ನೂ ಹೇಳಬೇಕು. ವಿಂಡೋಸ್‌ನಲ್ಲಿ ಕನ್ನಡ ಕೀಲಿಮಣೆ ಸೇರಿಸಿ, ಪರದೆಯ ಮೇಲಿನ ಕೀಬೋರ್ಡ್ ತೆರೆದರೆ ತಲೆಯಿಂದಲೇ ಒತ್ತಬಹುದು, ಸರಿ. ಆದರೆ ‘ಪುಸ್ತಕ’ ಎಂಬ ಮೂರು ಅಕ್ಷರದ ಪದಕ್ಕೆ ಪ, ಉಕಾರ, ಸ, ಅರ್ಧಾಕ್ಷರದ ಚಿಹ್ನೆ, ತ, ಕ ಎಂದು ಆರು ಸಲ ನಿಲ್ಲಬೇಕು. ಖ, ಘದಂಥ ಮಹಾಪ್ರಾಣಗಳಿಗೆ ಶಿಫ್ಟ್ ಬೇರೆ. ಒಂದು ಪುಟ ಬರೆಯುವಷ್ಟರಲ್ಲಿ ಕುತ್ತಿಗೆ ಸೋಲುತ್ತದೆ. ಆದ್ದರಿಂದ ಕರಡನ್ನು ಧ್ವನಿಯಿಂದ, ತಿದ್ದುಪಡಿಯನ್ನು ತಲೆಯಿಂದ ಮಾಡುವುದು ಉತ್ತಮ. ಗೂಗಲ್ ಡಾಕ್ಸ್‌ನ ಧ್ವನಿ ಬರಹದಲ್ಲಿ ಕನ್ನಡವಿದೆ, ಇಂಟರ್ನೆಟ್ ಇರಬೇಕು. ಧ್ವನಿ ಸಣ್ಣದಾದ್ದರಿಂದ ಮೈಕನ್ನು ತುಟಿಯ ಹತ್ತಿರ ಇಡಿ. ಶಾಲೆಯ ಗ್ರಾಂಥಿಕ ಕನ್ನಡವನ್ನು ಅದು ನಮ್ಮ ಆಡುಮಾತಿಗಿಂತ ಚೆನ್ನಾಗಿ ಹಿಡಿಯುತ್ತದೆ ಎಂಬುದು ನನ್ನ ಅನುಭವ.

ಕೃಷ್ಣಾತೀರ (ಜಮಖಂಡಿ):

ತಮಗೆಲ್ಲರಿಗೂ ಕೃತಜ್ಞತೆಗಳು. ನಿನ್ನೆ ಹಳೆಯ ಲ್ಯಾಪ್‌ಟಾಪಿನಲ್ಲಿ ಪ್ರಯತ್ನಿಸಿದೆವು. ಬಾಣವನ್ನು ನಿಲ್ಲಿಸುವ ಹೊತ್ತು ಕಡಿಮೆಯಿದ್ದುದರಿಂದ ಬೇಡದ ಅಕ್ಷರಗಳೆಲ್ಲ ಬಿದ್ದವು, ಒಂದೂವರೆ ಸೆಕೆಂಡಿಗೆ ಹೆಚ್ಚಿಸಿದ ಮೇಲೆ ಸರಿಹೋಯಿತು. ಎಡಕ್ಕೆ ಕುತ್ತಿಗೆ ಸ್ವಲ್ಪ ಬಿಗಿಯಾಗಿರುವುದರಿಂದ ಕೀಲಿಮಣೆಯನ್ನು ಪರದೆಯ ಬಲಬದಿಗೆ ಸರಿಸಿದೆವು. ನಾನು ಹಿಂದೆ ಬರೆದುಕೊಟ್ಟಿದ್ದ ಒಂದು ಪುಟವನ್ನು ತೆರೆಸಿ, ಅದರಲ್ಲಿ ನಾನು ಹಾಕಿದ್ದ ಎರಡು ಪದಗಳನ್ನು ಅಣ್ಣ ಅಳಿಸಿದರು. ವರ್ಗಗಳ ಸಾಲಿನ ವಿಷಯ ಓದಿ ಹೇಳಿದಾಗ ಬಹಳ ಹೊತ್ತು ಅದರ ಬಗ್ಗೆಯೇ ಮಾತಾಡಿದರು. ವಿಜಯಪುರದ ತಂಗಿ ಒಪ್ಪಿದರೆ ಆ ಮಣೆಯ ಚಿತ್ರ ನೋಡಬೇಕೆಂದು ಕೇಳಿದ್ದಾರೆ.