ಹುಚ್ಚುನಾಯಿ ರೋಗ: ನೀವು ಕೇಳಿದ್ದು, ನಮ್ಮ ಪಶುವೈದ್ಯರು ಹೇಳಿದ್ದು

ಅಡ್ಮಿನ್: ಕಲಬುರಗಿ, ಬೀದರ್, ಯಾದಗಿರಿ ಕಡೆ ದನ, ಎಮ್ಮೆ, ನಾಯಿ, ಬೆಕ್ಕು ಸಾಕಿರುವವರ ಗುಂಪು ನಮ್ಮದು. ಈ ವಾರದ ವಿಷಯ ರೇಬೀಸ್. ಉತ್ತರ ಕೊಡುವವರು ಆಳಂದ ಭಾಗದಲ್ಲಿ ಕೆಲಸ ಮಾಡುವ ಪಶುವೈದ್ಯರು. ಈಗಷ್ಟೇ ನಾಯಿ ಕಡಿದಿದ್ದರೆ ಇಲ್ಲಿ ಟೈಪ್ ಮಾಡುತ್ತಾ ಕೂರಬೇಡಿ. ಗಾಯ ತೊಳೆದು ದವಾಖಾನೆಗೆ ಹೋಗಿ, ಆಮೇಲೆ ಬರೆಯಿರಿ.

ಪ್ರಶ್ನೆ (ಕಲಬುರಗಿ ನಗರದಿಂದ ಒಬ್ಬ ತಾಯಿ): ಸರ್, ನಿನ್ನೆ ಸಂಜೆ ಪಕ್ಕದ ಮನೆ ನಾಯಿ ನನ್ನ ಮಗನ ಮೀನಖಂಡಕ್ಕೆ ಕಡಿದಿದೆ. ಸ್ವಲ್ಪ ರಕ್ತ ಬಂತು. ನಮ್ಮ ಅತ್ತೆ ಅರಿಶಿನ, ಸುಣ್ಣ ಹಚ್ಚಿದ್ದಾರೆ. ನಾಯಿಗೆ ಇಂಜೆಕ್ಷನ್ ಆಗಿದೆ, ಹತ್ತು ದಿನ ನೋಡಿ, ನಾಯಿ ಚೆನ್ನಾಗಿದ್ದರೆ ಏನೂ ಬೇಡ ಅಂತ ಪಕ್ಕದವರು ಹೇಳ್ತಾರೆ. ಕಾಯಬಹುದಾ?

ಡಾಕ್ಟರ್: ಕಾಯಬೇಡಿ ಅಕ್ಕಾ. ಇವತ್ತೇ ಸರ್ಕಾರಿ ದವಾಖಾನೆಗೆ ಕರೆದುಕೊಂಡು ಹೋಗಿ. ಅಲ್ಲಿ ಈ ಸೂಜಿ ಉಚಿತ. ಹೋಗುವ ಮೊದಲು ಆ ಅರಿಶಿನ, ಸುಣ್ಣ ಎಲ್ಲ ತೆಗೆದು, ಸೋಪು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಇವತ್ತು ನಲ್ಲಿ ನೀರು ಬಂದಿಲ್ಲ ಅಂದರೆ ಚರಿಗೆಯಿಂದ ಸುರಿಯುತ್ತಾ ತೊಳೆಯಿರಿ. ಒಂದು ದಿನ ಆಗಿದೆ, ಇನ್ನೇನು ತೊಳೆಯೋದು ಅನ್ನಬೇಡಿ. ಈ ವೈರಸ್ಸಿನ ಮೇಲೆ ಕೊಬ್ಬಿನ ತೆಳು ಹೊದಿಕೆ ಇರುತ್ತದೆ, ಸೋಪು ಅದನ್ನು ಹಾಳು ಮಾಡುತ್ತದೆ. ಖಾರದಪುಡಿ, ಸುಣ್ಣ, ಸೀಮೆಎಣ್ಣೆ ಹಚ್ಚಿದರೆ ಗಾಯ ಕೆರಳುತ್ತದೆ, ಅಷ್ಟೇ. ಗಾಯಕ್ಕೆ ಬಿಗಿಯಾಗಿ ಪಟ್ಟಿಯನ್ನೂ ಕಟ್ಟಬೇಡಿ.

ಇನ್ನು ಹತ್ತು ದಿನದ ಲೆಕ್ಕ. ಲೆಕ್ಕ ನಿಜ. ನಾಯಿಯ ಜೊಲ್ಲಿನಲ್ಲಿ ವೈರಸ್ ಬರುವ ಹೊತ್ತಿಗೆ ಅದು ಮಿದುಳಿಗೆ ಹೋಗಿ ಆಗಿರುತ್ತದೆ. ಹಾಗಾಗಿ ಕಡಿದ ದಿನ ಜೊಲ್ಲಿನಲ್ಲಿ ರೋಗ ಇದ್ದ ನಾಯಿ ಹತ್ತು ದಿನದೊಳಗೆ ಹಾಸಿಗೆ ಹಿಡಿಯುತ್ತದೆ, ಸಾಯುತ್ತದೆ. ಆದರೆ ಜನ ಈ ಲೆಕ್ಕವನ್ನು ತಲೆಕೆಳಗು ಮಾಡಿಕೊಂಡಿದ್ದಾರೆ. ಇದು ಸೂಜಿ ನಿಲ್ಲಿಸಬಹುದಾ ಅಂತ ನೋಡೋಕೆ ಇರುವ ಲೆಕ್ಕ, ಶುರು ಮಾಡೋಕೆ ಅಲ್ಲ. ಸೂಜಿ ಇವತ್ತು ಶುರುವಾಗಲಿ, ನಾಯಿಯನ್ನು ಪಕ್ಕದವರು ಕಟ್ಟಿಹಾಕಿ ನೋಡಲಿ. ಅದು ಚೆನ್ನಾಗೇ ಉಳಿದರೆ ಮುಂದಿನ ಡೋಸ್ ಬೇಕಾ ಬೇಡವಾ ಅಂತ ದವಾಖಾನೆಯವರು ಹೇಳುತ್ತಾರೆ. ನಾಯಿಗೆ ಇಂಜೆಕ್ಷನ್ ಆಗಿದೆ ಅಂತ ಬಾಯಿಮಾತಿನಲ್ಲಿ ಹೇಳಿದ್ದನ್ನು ನಂಬಬೇಡಿ. ಕಾರ್ಡ್ ತೋರಿಸಿದರೂ ಮಗುವಿನ ಸೂಜಿ ತಡ ಮಾಡಬೇಡಿ.

ರಕ್ತ ಬಂದಿದೆ ಅಂದಿರಿ. ಅದು ಮೂರನೇ ವರ್ಗದ, ಅಂದರೆ ಎಲ್ಲಕ್ಕಿಂತ ಹೆಚ್ಚು ಅಪಾಯದ ಗಾಯ. ಲಸಿಕೆಯಿಂದ ಮೈಯಲ್ಲಿ ಶಕ್ತಿ ಹುಟ್ಟೋಕೆ ಒಂದೆರಡು ವಾರ ಬೇಕು. ಅಲ್ಲಿವರೆಗೆ ಮಗುವನ್ನು ಕಾಪಾಡೋಕೆ ಇಮ್ಯುನೋಗ್ಲಾಬ್ಯುಲಿನ್ ಅಂತ ಇನ್ನೊಂದು ಔಷಧಿಯನ್ನು ಗಾಯದ ಸುತ್ತಲೇ ಚುಚ್ಚುತ್ತಾರೆ. ನೋವಾಗುತ್ತದೆ, ಮಗು ಅಳುತ್ತದೆ. ಆದರೂ ಕೇಳಿ ಹಾಕಿಸಿ. ಮೊದಲ ಲಸಿಕೆಯ ದಿನವೇ ಸಿಕ್ಕರೆ ಒಳ್ಳೆಯದು. ಮೊದಲ ಲಸಿಕೆ ಹಾಕಿ ಏಳು ದಿನ ದಾಟಿದ ಮೇಲೆ ಅದನ್ನು ಕೊಡುವುದಿಲ್ಲ.

ಅದೇ ತಾಯಿ: ಹೊಟ್ಟೆಗೆ 14 ಸೂಜಿನಾ ಸರ್? ಅತ್ತೆ ಹೆದರಿಸ್ತಿದ್ದಾರೆ.

ಡಾಕ್ಟರ್: ಅತ್ತೆಯವರು ಹೇಳೋದು ಹಳೇ ಲಸಿಕೆ. ಅದು ಹೋಗಿ ಎಷ್ಟೋ ವರ್ಷ ಆಯಿತು. ಈಗ ತೋಳಿನ ಚರ್ಮಕ್ಕೆ ಹಾಕುವುದಾದರೆ ನಾಲ್ಕು ಸಲ ಹೋಗಬೇಕು. ಮೊದಲ ಸೂಜಿಯ ದಿನ ಸೊನ್ನೆ ಅಂತ ಹಿಡಿದು 0, 3, 7, 28ನೇ ದಿನ. ಒಂದು ಸಲಕ್ಕೆ ಎರಡೂ ತೋಳಿಗೆ ಒಂದೊಂದು. ಸ್ನಾಯುವಿಗೆ ಹಾಕುವುದಾದರೆ 0, 3, 7, 14, 28, ಒಟ್ಟು ಐದು. ಕುಂಡಿಗೆ ಹಾಕಿಸಿಕೊಳ್ಳಬೇಡಿ, ಅಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ. ಬದನೆಕಾಯಿ, ಕೋಳಿ ಬಿಡಬೇಕಾ ಅಂತ ಮುಂದಿನ ಪ್ರಶ್ನೆ ಬರುತ್ತದೆ ಅಂತ ಗೊತ್ತು. ಪಥ್ಯ ಏನೂ ಇಲ್ಲ. ಗರ್ಭಿಣಿಯರೂ ಹಾಕಿಸಿಕೊಳ್ಳಬಹುದು.

ಪ್ರಶ್ನೆ (ಆಳಂದ ತಾಲೂಕಿನ ರೈತರು): ಡಾಕ್ಟ್ರೇ, ನಮ್ಮ ಎಮ್ಮೆ ಎರಡು ದಿನದಿಂದ ಕಣಿಕೆ ಮುಟ್ಟಿಲ್ಲ. ಬಾಯಿಂದ ಜೊಲ್ಲು ಹಗ್ಗದ ಹಾಗೆ ಇಳೀತಿದೆ. ಒಂದೇ ಸಮ ಕೂಗ್ತಿದೆ, ದನಿ ಒಡೆದಿದೆ. ಗಂಟಲಲ್ಲಿ ದಂಟು ಸಿಕ್ಕಿರಬೇಕು ಅಂತ ಕೈ ಹಾಕಿ ನೋಡಿದೆ, ಏನೂ ಸಿಗಲಿಲ್ಲ. ತಮ್ಮ ಗೊಟ್ಟದಿಂದ ಎಣ್ಣೆ ಕುಡಿಸಿದ, ಅದೂ ಹೊರಗೆ ಬಂತು. ತಿಂಗಳ ಹಿಂದೆ ಹೊಲದಲ್ಲಿ ಒಂದು ನಾಯಿ ಅದರ ಮೂತಿಗೆ ಕಡಿದಿತ್ತು. ಏನು ಔಷಧಿ?

ಡಾಕ್ಟರ್: ಅಣ್ಣಾ, ಇನ್ನು ಯಾರೂ ಅದರ ಬಾಯಿಗೆ ಕೈ ಹಾಕಬೇಡಿ. ಎಮ್ಮೆಯನ್ನು ಬೇರೆ ದನಗಳಿಂದ ದೂರ, ಗಟ್ಟಿ ಹಗ್ಗದಲ್ಲಿ ಕಟ್ಟಿ. ಮಕ್ಕಳನ್ನು ಆ ಕಡೆ ಬಿಡಬೇಡಿ. ಪಶು ಆಸ್ಪತ್ರೆಗೆ ಅಥವಾ ಪಶು ಸಹಾಯವಾಣಿ 1962ಕ್ಕೆ ಈಗಲೇ ಫೋನ್ ಮಾಡಿ.

ಇಲ್ಲಿ ಕೂತು ಇದೇ ರೋಗ ಅಂತ ಹೇಳಲಾರೆ. ದಂಟು ನಿಜವಾಗಿಯೂ ಸಿಕ್ಕಿದ್ದರೆ ಸಾಮಾನ್ಯವಾಗಿ ಹೊಟ್ಟೆ ಉಬ್ಬುತ್ತದೆ. ನಿಮ್ಮ ಎಮ್ಮೆಗೆ ನಾಯಿ ಕಡಿದಿತ್ತು, ದನಿ ಒಡೆದಿದೆ, ನುಂಗಲು ಆಗುತ್ತಿಲ್ಲ. ನನಗೆ ರೇಬೀಸ್ ಅಂತಲೇ ಅನುಮಾನ. ಗಂಟಲಿನ ಸ್ನಾಯು ಸೋತಿರುತ್ತದೆ, ಅದಕ್ಕೇ ಜೊಲ್ಲು ಹೊರಗೆ ಸುರಿಯುತ್ತದೆ. ನೋಡುವವರಿಗೆ ಏನೋ ಸಿಕ್ಕಂತೆ ಕಾಣುತ್ತದೆ, ಕೈ ಹಾಕುತ್ತಾರೆ. ನಮ್ಮ ಕಡೆ ದನದ ಮನೆಯವರು ಸಿಕ್ಕಿಬೀಳುವುದು ಹೀಗೇ. ಅದು ಕಚ್ಚುವುದೇ ಬೇಡ.

ನಿಮ್ಮ ಕೈ ನೋಡಿಕೊಳ್ಳಿ. ಉಗುರಿನ ಬುಡ, ಬೆರಳ ಸಂದು. ಕಳೆ ಕಿತ್ತ ಕೈ, ಸೀಳು ಇಲ್ಲದೆ ಇರುತ್ತದಾ? ಸೀಳಿದ ಚರ್ಮಕ್ಕೆ ಜೊಲ್ಲು ತಾಗಿದರೂ ಅದು ಮೂರನೇ ವರ್ಗ. ನೀವು, ತಮ್ಮ, ಬಾಯಿ ಒರೆಸಿದವರು, ಎಲ್ಲರೂ ಸೋಪಿನಿಂದ ಕೈ ತೊಳೆದು ದವಾಖಾನೆಗೆ ಹೋಗಿ. ನಾಯಿ ಅಲ್ಲ, ಎಮ್ಮೆ ಬಾಯಿಗೆ ಕೈ ಹಾಕಿದ್ದೆ ಅಂತ ಬಿಡಿಸಿ ಹೇಳಿ. ಹತ್ತು ದಿನ ನೋಡುವ ಲೆಕ್ಕ ನಾಯಿ, ಬೆಕ್ಕಿಗೆ ಮಾತ್ರ. ಎಮ್ಮೆ, ಮಂಗ, ನರಿಗೆ ಅದು ನಡೆಯುವುದಿಲ್ಲ.

ರೋಗ ಕಾಣಿಸಿಕೊಂಡ ಮೇಲೆ ದನಕ್ಕಾಗಲಿ, ಮನುಷ್ಯರಿಗಾಗಲಿ ಔಷಧಿ ಇಲ್ಲ. ಎಮ್ಮೆ ಸತ್ತರೆ ಚರ್ಮ ಸುಲಿಯಬೇಡಿ, ಆಳವಾಗಿ ಗುಂಡಿ ತೋಡಿ ಹೂಳಿ. ನಾಯಿ ಕಡಿದ ದಿನವೇ ತಿಳಿಸಿದ್ದರೆ ಎಮ್ಮೆಗೂ ಸೂಜಿ ಹಾಕಬಹುದಿತ್ತು. ಇದು ನಿಮಗೆ ಬೈದದ್ದಲ್ಲ, ಓದುತ್ತಿರುವ ಉಳಿದವರಿಗೆ ಹೇಳಿದ್ದು. ಅದೇ ನಾಯಿ ಬೇರೆ ಯಾವ ದನಕ್ಕೆ ಕಡಿದಿದೆ ಅಂತ ಊರಲ್ಲಿ ವಿಚಾರಿಸಿ.

ಅದೇ ರೈತರು: ಮೊನ್ನೆವರೆಗೂ ಹಾಲು ಡೈರಿಗೆ ಹಾಕಿದ್ದೇವೆ. ಮನೆಯಲ್ಲೂ ಚಹಾ ಕುಡಿದಿದ್ದೇವೆ.

ಡಾಕ್ಟರ್: ಕಾಯಿಸಿದ ಹಾಲಿಗೆ ಹೆದರಬೇಕಿಲ್ಲ, ಕಾವಿಗೆ ವೈರಸ್ ಉಳಿಯುವುದಿಲ್ಲ. ಹಸಿ ಹಾಲು ಯಾರಾದರೂ ಕುಡಿದಿದ್ದರೆ ದವಾಖಾನೆಯಲ್ಲಿ ಹೇಳಿ. ಇವತ್ತಿನಿಂದ ಹಿಂಡಬೇಡಿ. ಹಾಲಿಗಿಂತ ಆ ಗೊಟ್ಟ ಹಿಡಿದ ತಮ್ಮನದೇ ನನಗೆ ಚಿಂತೆ, ಮೊದಲು ಅವನನ್ನು ಕರೆದುಕೊಂಡು ಹೊರಡಿ.

ಪ್ರಶ್ನೆ (ಹುಮನಾಬಾದ್): ನಮ್ಮ ಓಣಿಯ ನಾಯಿ ಸುಮ್ನೆ ಮೂಲೆಯಲ್ಲಿ ಬಿದ್ದಿದೆ, ದವಡೆ ಜೋತುಬಿದ್ದಿದೆ. ಆದರೆ ನೀರಿಗೆ ಬಾಯಿ ಹಾಕ್ತಿದೆ. ನೀರಿಗೆ ಹೆದರದಿದ್ದರೆ ಹುಚ್ಚಲ್ಲ ಅಲ್ವಾ?

ಡಾಕ್ಟರ್: ಹಾಗಲ್ಲ. ನೀರಿನ ಹೆದರಿಕೆ ಮನುಷ್ಯರಲ್ಲಿ ಕಾಣುವ ಲಕ್ಷಣ. ಹುಚ್ಚು ಹಿಡಿದ ನಾಯಿ ನೀರಿಗೆ ಬಾಯಿ ಹಾಕುತ್ತದೆ, ಚರಂಡಿ ದಾಟಿ ಹೋಗುತ್ತದೆ. ಎಲ್ಲ ನಾಯಿಯೂ ಸಿಕ್ಕವರಿಗೆಲ್ಲ ಕಡಿಯುವುದೂ ಇಲ್ಲ. ನೀವು ಹೇಳಿದಂಥ ಮೌನದ ಬಗೆಯೂ ಇದೆ. ಪಾಪ ಅಂತ ದವಡೆ ಹಿಡಿದು ನೋಡಲು ಹೋಗಬೇಡಿ. ಪುರಸಭೆ ಅಥವಾ ನಗರಸಭೆಗೆ, ಪಶು ಆಸ್ಪತ್ರೆಗೆ ತಿಳಿಸಿ. ಕಲ್ಲು ಹೊಡೆದು ಕೊಲ್ಲುವ ಕೆಲಸವೂ ಬೇಡ.

ಪ್ರಶ್ನೆ (ಶಹಾಪುರ): ದವಾಖಾನೆ ದೂರ. ಮೆಡಿಕಲ್‌ನಿಂದ ಲಸಿಕೆ ತಂದು ಊರಲ್ಲೇ ಹಾಕಿಸಿಕೊಳ್ಳಬಹುದಾ?

ಡಾಕ್ಟರ್: ಲಸಿಕೆ 2ರಿಂದ 8 ಡಿಗ್ರಿ ತಂಪಿನಲ್ಲಿ ಇರಬೇಕು. ನಮ್ಮ ಮೇ ತಿಂಗಳ 42 ಡಿಗ್ರಿ ಬಿಸಿಲಲ್ಲಿ ಅಂಗಿ ಜೇಬಿನಲ್ಲಿಟ್ಟು ಬೈಕಲ್ಲಿ ತಂದರೆ ಬಾಟಲಿ ಉಳಿಯುತ್ತದೆ, ಔಷಧಿ ಉಳಿದಿದೆ ಅಂತ ಯಾರು ಹೇಳಬೇಕು? ಮೊದಲ ದಿನವಾದರೂ ತಾಲೂಕು ದವಾಖಾನೆಗೇ ಹೋಗಿ, ಗಾಯ ತೋರಿಸಿ. ಮುಂದಿನ ಡೋಸ್ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಸಿಗುತ್ತದಾ ಅಂತ ಅಲ್ಲೇ ವಿಚಾರಿಸಿ.

ಪ್ರಶ್ನೆ (ಬೀದರ್): ನನಗೆ ಎರಡು ವರ್ಷದ ಹಿಂದೆ ಪೂರ್ತಿ ಕೋರ್ಸ್ ಆಗಿದೆ. ಮತ್ತೆ ಬೇರೆ ನಾಯಿ ಕಡಿದಿದೆ.

ಡಾಕ್ಟರ್: ಹಳೇ ಚೀಟಿ ತೆಗೆದುಕೊಂಡು ಹೋಗಿ. 0 ಮತ್ತು 3ನೇ ದಿನ, ಎರಡು ಸಲ ಹೋದರೆ ಸಾಕು. ಇಮ್ಯುನೋಗ್ಲಾಬ್ಯುಲಿನ್ ಬೇಡ. ಗಾಯ ತೊಳೆಯುವುದು ಮಾತ್ರ ಪ್ರತಿ ಸಲ.

ಪ್ರಶ್ನೆ (ಕಲಬುರಗಿ): ಬೀದಿನಾಯಿಗಳನ್ನೆಲ್ಲ ಹಿಡಿದು ಊರ ಹೊರಗೆ ಬಿಟ್ಟರೆ ಮುಗೀತಲ್ಲ ಸರ್?

ಡಾಕ್ಟರ್: ಮುಗಿಯಲ್ಲ. ಆ ಜಾಗಕ್ಕೆ ಬೇರೆ ನಾಯಿ ಬರುತ್ತವೆ, ಲಸಿಕೆ ಆಗದವು. ಒಂದು ಊರಿನ ನೂರು ನಾಯಿಯಲ್ಲಿ 70ಕ್ಕೆ ಲಸಿಕೆ ಆದರೆ ರೋಗ ಹರಡುವುದು ನಿಲ್ಲುತ್ತದೆ. ನಿಮ್ಮ ಓಣಿಯಲ್ಲಿ ರೊಟ್ಟಿ ಹಾಕುವವರು ಯಾರು ಅಂತ ನಿಮಗೆ ಗೊತ್ತಿರುತ್ತದೆ. ನಾಯಿ ಅವರ ಹತ್ತಿರ ಬರುತ್ತದೆ, ನಮ್ಮ ಹತ್ತಿರ ಬರಲ್ಲ. ಲಸಿಕೆ ಹಾಕುವ ದಿನ ಅವರನ್ನು ಜೊತೆಗೆ ಕರೆತನ್ನಿ, ಅರ್ಧ ಕೆಲಸ ಆಗುತ್ತದೆ.

ಮನೆಯ ಮರಿಗೆ ಮೂರು ತಿಂಗಳಿಗೆ ಮೊದಲ ಸೂಜಿ, ಒಂದು ತಿಂಗಳ ನಂತರ ಇನ್ನೊಂದು, ಆಮೇಲೆ ವರ್ಷಕ್ಕೊಂದು. ಬೆಕ್ಕಿಗೂ ಹಾಕಿಸಿ. ಮನೆ ಬಿಟ್ಟು ಹೊರಗೆ ಹೋಗಲ್ಲ ಅಂತ ಎಲ್ಲರೂ ಹೇಳುತ್ತಾರೆ. ರಾತ್ರಿ ಮಾಳಿಗೆ ಮೇಲೆ ಅದು ಎಲ್ಲಿರುತ್ತದೆ ಅಂತ ಒಂದು ಸಲ ನೋಡಿ ಹೇಳಿ.