ಪದಚರ್ಚೆ: ಟಪಾಲು ಹೊತ್ತು ಓಡುತ್ತಿದ್ದ ರನ್ನರ್‌ಗೆ ಏನನ್ನೋಣ? (ಬೋರ್ಡಿಗೆ ಬೇಕು, ಅವಸರ)

ಇಳಕಲ್ ಮಾಸ್ತರ್:

ಎಲ್ಲರಿಗೂ ನಮಸ್ಕಾರ. ಒಂದು ಪದ ಬೇಕಾಗಿದೆ, ಇವತ್ತೇ. ಅಕ್ಟೋಬರ್ 9ರ ವಿಶ್ವ ಅಂಚೆ ದಿನಕ್ಕೆ ನಮ್ಮ ಶಾಲೆಯ ಮಕ್ಕಳು ಒಂದು ಪ್ರದರ್ಶನ ಮಾಡುತ್ತಿದ್ದಾರೆ. 1854ರ ಅರ್ಧಾಣೆ ಸ್ಟಾಂಪು, 1879ರ ಕಾಲಾಣೆ ಕಾರ್ಡು, 1880ರ ಮನಿಯಾರ್ಡರ್, 1972ರ ಪಿನ್‌ಕೋಡ್, ಇವಕ್ಕೆಲ್ಲ ಬರಹ ತಯಾರಿದೆ. ಮನಿಯಾರ್ಡರಿಗೆ ಯಾರೋ 'ಧನಾದೇಶ' ಅಂತ ಬರೆದಿದ್ದರು. ಮಕ್ಕಳೇ ನಕ್ಕರು, ಅಳಿಸಿದೆವು.

ಸಿಕ್ಕಿಹಾಕಿಕೊಂಡಿರುವುದು ಒಂದೇ ಕಡೆ. 1937ರ ಎರಡಾಣೆ ಸ್ಟಾಂಪಿನ ಮೇಲೆ ರನ್ನರ್ ಚಿತ್ರ ಇದೆ. ಅದನ್ನು ದೊಡ್ಡದು ಮಾಡಿ ಹಾಕಿದ್ದೇವೆ. ಚೀಲ ಹೊತ್ತು, ಗೆಜ್ಜೆ ಕಟ್ಟಿದ ಈಟಿ ಹಿಡಿದು, ಒಂದು ಠಾಣೆಯಿಂದ ಇನ್ನೊಂದಕ್ಕೆ ಓಡುತ್ತಿದ್ದರಲ್ಲ, ಅವರಿಗೆ ಕನ್ನಡದಲ್ಲಿ ಏನು? 'ಓಟಗಾರ' ಅಂದರೆ ಒಲಿಂಪಿಕ್ಸ್ ನೆನಪಾಗುತ್ತದೆ. 'ಅಂಚೆ ಪೇದೆ' ಅಂದರೆ ಮನೆಮನೆಗೆ ಕೊಡುವವನು. ಇವನು ಕೊಡುವುದಿಲ್ಲ, ಸಾಗಿಸುತ್ತಾನೆ. ಬೋರ್ಡಿನಲ್ಲಿ ಎರಡು ಪದಕ್ಕಿಂತ ಜಾಸ್ತಿ ಹಿಡಿಯೋದಿಲ್ಲ. ನಾಳೆ ಬೆಳಿಗ್ಗೆ ಪೇಂಟರ್ ಬರುತ್ತಾನೆ.

ಬೆಳಗಾವಿಯಿಂದ:

ಅಂಚೆಯಾಳು. ಇದರಲ್ಲಿ ಚರ್ಚೆ ಏನಿದೆ? ಎರಡೂ ಅಪ್ಪಟ ಕನ್ನಡ. 'ಹಂಚು' ಧಾತುವಿನಿಂದ ಹಂಚೆ, ಹಕಾರ ಬಿದ್ದು ಅಂಚೆ. ಮೈಸೂರಿನಲ್ಲಿ ಚಿಕ್ಕದೇವರಾಜ ಒಡೆಯರು 17ನೇ ಶತಮಾನದಲ್ಲೇ ಅಂಚೆ ನಡೆಸಿದ್ದರು. ಕಂಪನಿಯ ಅಂಚೆಯನ್ನು ವಾರನ್ ಹೇಸ್ಟಿಂಗ್ಸ್ ಜನರಿಗೆ ತೆರೆದದ್ದು 1774ರಲ್ಲಿ. ನೂರು ವರ್ಷ ಮುಂದಿದ್ದ ಪದವನ್ನು ಮನೆಯಲ್ಲಿಟ್ಟುಕೊಂಡು ಹೊರಗೆ ಹುಡುಕಬೇಕೇ? ದಯವಿಟ್ಟು ಯಾರೂ ಇಲ್ಲಿ ಟಪಾಲು ತರಬೇಡಿ. ಅದು ಮರಾಠಿ.

ವಿಜಯಪುರ, ನಿವೃತ್ತ ಪೋಸ್ಟ್ ಮಾಸ್ತರ್:

ಬೆಳಗಾವಿ ಸರ್ ಬೇಡ ಅಂದಿದ್ದಾರೆ, ಹಾಗಾಗಿ ತರಲೇಬೇಕಾಯಿತು. ನಾನು ಸೇವೆಯಲ್ಲಿದ್ದಾಗ ಹಳ್ಳಿಯ ಬ್ರಾಂಚ್ ಆಫೀಸಿಗೆ ಹೋದರೆ ಕಟ್ಟೆ ಮೇಲೆ ಕೂತವರು 'ಟಪಾಲ್ ಬಂತೇನ್ರಿ?' ಅಂತ ಕೇಳುತ್ತಿದ್ದರು. 'ಅಂಚೆ ಬಂತೇ?' ಅಂದವರನ್ನು ನಾನು ಕಾಣೆ. ನಮ್ಮಲ್ಲಿ ಅಂಚೆ ಬೋರ್ಡಿನ ಮೇಲಿನ ಪದ. ನಾವು 1956ರವರೆಗೆ ಮುಂಬಯಿ ಆಡಳಿತದಲ್ಲಿದ್ದವರು. ಮೈಸೂರಿನ ಅಂಚೆಯೋ, 1889ರಲ್ಲೇ ಬ್ರಿಟಿಷರ ಅಂಚೆಯಲ್ಲಿ ಸೇರಿಹೋಯಿತು.

ಇನ್ನು ಟಪಾಲು ಮರಾಠಿ ಅನ್ನೋದು. ಮರಾಠಿಯಲ್ಲಿ ಇದೆ, ನಿಜ. ತಮಿಳಿನಲ್ಲೂ ಇದೆ, ತಪಾಲ್. ತೆಲುಗಿನಲ್ಲೂ ಇದೆ, ತಪಾಲಾ. ಇವರೆಲ್ಲ ಸಾಂಗಲಿಗೆ ಬಂದು ಒಯ್ದರೇ? ಭಾರತದ ಇಂಗ್ಲಿಷಿನಲ್ಲಿ ಸೇರಿದ ಪದಗಳ ನಿಘಂಟು, 1886ರ ಹಾಬ್ಸನ್-ಜಾಬ್ಸನ್, ಇದನ್ನು ದಕ್ಷಿಣ ಭಾರತದ ಪದ ಅಂತಲೇ ಬರೆದು, ಮೂಲ ತಿಳಿಯದು ಎಂದು ಕೈಬಿಟ್ಟಿದೆ. ಉತ್ತರದವರದು ಡಾಕ್.

ಮಾಸ್ತರೇ, ನಿಮಗೆ ಬೇಕಾದ್ದು 'ಹರಿಕಾರ'. ಪಾರ್ಸಿಯ ಹರ್‌ಕಾರಾ. ಸುದ್ದಿ, ಕಾಗದ ಒಯ್ಯುವವನು ಅಂತಲೇ ಅರ್ಥ. ಪತ್ರಿಕೆಯವರು 'ಕ್ರಾಂತಿಯ ಹರಿಕಾರ' ಅಂತ ಬರೆದೂ ಬರೆದೂ ಪಾಪ ಆತ ಚೀಲ ಇಳಿಸಿ ವೇದಿಕೆ ಹತ್ತಿಬಿಟ್ಟ.

ಕೆಳಗೆ ಜಾಗ ಉಳಿದರೆ ಗೆಜ್ಜೆಯ ಬಗ್ಗೆಯೂ ಬರೆಸಿ. 14ನೇ ಶತಮಾನದಲ್ಲಿ ತುಘಲಕನ ರಾಜ್ಯಕ್ಕೆ ಬಂದ ಮೊರಾಕೊದ ಪ್ರವಾಸಿ ಇಬ್ನ್ ಬತೂತ ಇದನ್ನು ನೋಡಿದ್ದ. ಮೈಲಿಗೆ ಮೂರು ಠಾಣೆ, ಓಡುವವನ ಕೋಲಿನ ತುದಿಗೆ ಗೆಜ್ಜೆ. ಸದ್ದು ಕೇಳಿದ ಕೂಡಲೇ ಮುಂದಿನ ಠಾಣೆಯವನು ಎದ್ದು ನಿಲ್ಲುತ್ತಿದ್ದ. ಗೆಜ್ಜೆ ಬರೀ ಹುಲಿ ಓಡಿಸಲಿಕ್ಕೆ ಅಂತ ಮಕ್ಕಳಿಗೆ ಹೇಳಿಕೊಡಬೇಡಿ.

ಜಮಖಂಡಿಯಿಂದ:

ಎಲ್ಲರೂ ಮೈಸೂರು, ಪಾರಸ ಸುತ್ತಿ ಬಂದಿರಿ. ನಮ್ಮ ಹಳ್ಳಿಗಳಲ್ಲಿ ವಾಲೀಕಾರ ಅನ್ನೋ ಮನೆತನ ಯಾರಿಗೂ ನೆನಪಾಗಲಿಲ್ಲವೇ? ಓಲೆಕಾರನೇ ವಾಲೀಕಾರ. ಕಿವಿಯ ಬೆಂಡೋಲೆ ನಮ್ಮಲ್ಲಿ ಬೆಂಡವಾಲಿ ಆಗಿದೆಯಲ್ಲ, ಅದೇ ದಾರಿ. ಓಲೆ ಒಯ್ಯುವವನು ಓಲೆಕಾರ. ತಾಳೆಗರಿ ಹೋಗಿ ಕಾಗದ ಬಂದರೂ ಹೆಸರು ಉಳಿಯಿತು. ಅಚ್ಚಗನ್ನಡ ಬೇಕು ಅನ್ನುವವರಿಗೂ ಸರಿ, ನಮ್ಮ ಕಡೆಯ ಮಾತು ಬೇಕು ಅನ್ನುವವರಿಗೂ ಸರಿ.

ಬೆಳಗಾವಿಯಿಂದ:

ಸರಿಯಲ್ಲ. ವಾಲೀಕಾರ ಊರಿನ ಆಳು. ಊರೊಳಗೆ ಕರೆ ಕೊಡುವವನು, ಡಂಗುರ ಸಾರುವವನು. ಇಪ್ಪತ್ತು ಹಳ್ಳಿ ದಾಟುವ ಚೀಲ ಅವನದಲ್ಲ. ಟಪಾಲಿಗೆ ನನ್ನ ವಿರೋಧ ಹಾಗೇ ಇದೆ. ಬೆಳಗಾವಿಯಲ್ಲಿ ಬೋರ್ಡಿನ ಒಂದು ಅಕ್ಷರಕ್ಕೂ ಜಗಳ ಆಗುತ್ತದೆ. ದೂರ ಕೂತವರಿಗೆ ಉದಾರವಾಗಿರೋದು ಸುಲಭ.

ವಿಜಯಪುರ, ನಿವೃತ್ತ ಪೋಸ್ಟ್ ಮಾಸ್ತರ್:

ಬೋರ್ಡಿನ ಜಗಳಕ್ಕೆ ನಿಘಂಟು ಯಾಕೆ ದಂಡ ಕಟ್ಟಬೇಕು? ಹಾಗಾದರೆ ಲಕೋಟೆ, ಪಾಕೀಟು, ಠಸ್ಸೆ ಎಲ್ಲ ವಾಪಸ್ ಕೊಟ್ಟುಬಿಡಿ. ಅಂಚೆ ಪೇದೆಯಲ್ಲಿರುವ ಪೇದೆಯನ್ನೂ ಪಾರಸಕ್ಕೆ ಕಳಿಸಿ. ವಿ.ಪಿ. ಪಾರ್ಸೆಲ್, ಅಂದರೆ ಪಡೆಯುವವನು ದುಡ್ಡು ಕೊಟ್ಟು ಬಿಡಿಸಿಕೊಳ್ಳುವ ಪಾರ್ಸೆಲ್, 1877ರಿಂದ ಇದೆ. ಸೀರೆ ಕಟ್ಟಿ ಕಳಿಸುವ ಇಳಕಲ್ ವ್ಯಾಪಾರಿಗೆ ವಿ.ಪಿ. ಅಂದರೆ ಸಾಕು, ದುಡ್ಡು ಬರುತ್ತದೆ. ಅದಕ್ಕೆ ಕನ್ನಡ ಹೇಳಿ ಅಂತ ಅವನೇನೂ ಕೂತಿಲ್ಲ.

ಸಿಟ್ಟು ಬರಬೇಕಾದ್ದು ಬೇರೆ ಕಡೆ. ಹಳ್ಳಿಯ ಪೋಸ್ಟ್ ಆಫೀಸು ನಡೆಸುವವರ ಅಧಿಕೃತ ಹೆಸರು ಏನು? 'ಗ್ರಾಮೀಣ ಡಾಕ್ ಸೇವಕ'. ಟಪಾಲು ಜನ ತಂದ ಪದ. ಡಾಕ್ ಸೇವಕ ಆದೇಶದಲ್ಲಿ ಬಂದದ್ದು. ಅದರ ಬಗ್ಗೆ ನಿಮ್ಮಿಂದ ಒಂದು ಸಾಲೂ ಇಲ್ಲ.

ನಿಮ್ಮ ಹಂಚು-ಅಂಚೆಗೂ ಒಂದು ಪ್ರಶ್ನೆ. ತಮಿಳಿನವರು ಅಂಜಲ್ ಅಂತಾರೆ, ತಿರುವಾಂಕೂರಿನವರು ಅಂಚಲ್ ಅಂತಿದ್ದರು. ಆ ಲಕಾರ ನಿಮ್ಮ ಧಾತುವಿನಲ್ಲಿ ಎಲ್ಲಿದೆ?

ಬಾಗಲಕೋಟೆಯಿಂದ:

ಮಧ್ಯೆ ಬಂದದ್ದಕ್ಕೆ ಕ್ಷಮಿಸಿ. ಹಳಗನ್ನಡದಲ್ಲಿ ಅಂಚೆ ಅಂದರೆ ಹಂಸ. ನಳನ ಸುದ್ದಿಯನ್ನು ದಮಯಂತಿಗೆ ಒಯ್ದದ್ದು ಯಾರು? ಹಂಸ. ಇಷ್ಟು ಸಾಕಲ್ವಾ?

ವಿಜಯಪುರ, ನಿವೃತ್ತ ಪೋಸ್ಟ್ ಮಾಸ್ತರ್:

ಸಾಲದು.

ಇಳಕಲ್ ಮಾಸ್ತರ್:

ಪೇಂಟರ್ ಬಂದು ಚಹಾ ಕುಡಿಯುತ್ತಿದ್ದಾನೆ. ಜಮಖಂಡಿ ಅಕ್ಕಾರ, ವಾಲೀಕಾರ ನನಗೆ ಬಹಳ ಹಿಡಿಸಿತು. ಆದರೆ ಆ ಅಡ್ಡಹೆಸರಿನ ಹುಡುಗರು ಏಳನೇ ತರಗತಿಯಲ್ಲೇ ಇದ್ದಾರೆ. ಬೋರ್ಡು ಏರಿದ ದಿನದಿಂದ ಅವರನ್ನು ಓಡು ಓಡು ಅಂತ ಕಾಡುತ್ತಾರೆ. 'ಟಪಾಲು ಹರಿಕಾರ' ಅಂತ ಬರೆಸುತ್ತಿದ್ದೇನೆ. ಹರಿಕಾರ ಒಂದೇ ಇದ್ದರೆ ಸನ್ಮಾನದ ಫಲಕ ಅನಿಸುತ್ತದೆ. ಮುಂದೆ ಟಪಾಲು ಇದ್ದರೆ ಅವನ ಕೆಲಸ ಏನು ಅಂತ ಗೊತ್ತಾಗುತ್ತದೆ. ಕೆಳಗೆ ಸಣ್ಣಕ್ಷರದಲ್ಲಿ ರನ್ನರ್ ಅಂತಲೂ ಇರಲಿ, ಮಕ್ಕಳ ಪುಸ್ತಕದಲ್ಲಿ ಹಾಗೇ ಇದೆ.

ಬೆಳಗಾವಿಯಿಂದ:

ಒಂದು ಬೋರ್ಡು, ಮೂರು ಎರವಲು. ಕನ್ನಡಕ್ಕೆ ಜಾಗ ಎಲ್ಲಿ?

ಜಮಖಂಡಿಯಿಂದ:

ಟಪಾಲಿನ ಕೊನೆಯ ಉಕಾರದಲ್ಲಿ. 'ಹರಿಕಾರನ ಕೈಗೆ ಕೊಟ್ಟರು' ಅಂತ ಹೇಳಿ ನೋಡಿ ಸರ್, ಇನ್ನೂ ಸಿಗುತ್ತದೆ.

ವಿಜಯಪುರ, ನಿವೃತ್ತ ಪೋಸ್ಟ್ ಮಾಸ್ತರ್:

ಮಾಸ್ತರೇ, ಪೇಂಟರಿಗೆ ಹೇಳಿ, ಟಪ್ಪಾಲು ಅಂತ ಒತ್ತು ಹಾಕೋದು ಬೇಡ. ರಜಿಸ್ಟರ್ ಪೋಸ್ಟಿಗೂ ಒಂದು ಬೋರ್ಡು ಇದ್ದರೆ ಅದನ್ನೂ ತಿದ್ದಿಸಿ. 2025ರಲ್ಲಿ ಅದು ಸ್ಪೀಡ್ ಪೋಸ್ಟಿನಲ್ಲಿ ಸೇರಿದೆ.